ಡಾಲ್ಫಿನ್ ಹೊರಲು ನನ್ನ ಲಾರಿ ಬರುವುದಿಲ್ಲ

ವಿಹಾರವನದ ಮಾನ್ಯ ಅಧಿಕಾರಿಗಳೇ,

ಕಾಲುವೆ ದಂಡೆಯ ತಮ್ಮ ವನದ ಕೊಳದಲ್ಲಿ ಕುಣಿಸಲು ಕಾರವಾರದ ಸಮುದ್ರದಿಂದ ಡಾಲ್ಫಿನ್ ತರಿಸುತ್ತಿದ್ದೀರಂತೆ. ಅದನ್ನು ಹೊತ್ತು ತರುವ ಗೌರವ ನನ್ನ ಲಾರಿಗೆ ಸಿಕ್ಕಿದೆ. ಸಂಡೂರಿನ ಅದಿರನ್ನು ಅಲ್ಲಿನ ಬಂದರಿನಲ್ಲಿ ಇಳಿಸಿ ಹೇಗೂ ಖಾಲಿ ಬರುವ ಗಾಡಿ, ತಗಡಿನ ತೊಟ್ಟಿಯೊಂದನ್ನು ಇಟ್ಟರೆ ಮುಗಿಯಿತು ಎನ್ನುತ್ತಾರೆ ಗುತ್ತಿಗೆದಾರರು. ಒಲ್ಲೆನೆಂದರೆ ಸೋಮವಾರದಿಂದ ನನಗೆ ಲೋಡು ಇಲ್ಲವಂತೆ. ಇದನ್ನು ಕೇಳಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅದಕ್ಕೇ ಊರೆಲ್ಲ ಓದಲೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಕಾಲುವೆ ನೀರು ಸಿಹಿಯಲ್ಲವೇ ಎಂದು ಕೇಳಿದ್ದಕ್ಕೆ ತಮ್ಮ ಕಚೇರಿಯವರು, "ಉಪ್ಪಿನ ಚೀಲ ಸುರೀತೀವಿ ಬಿಡ್ರಿ" ಎಂದರು. ಸಮುದ್ರ ಮಾಡುವುದು ಸಾರು ಮಾಡಿದಷ್ಟು ಸುಲಭವೆಂದು ನನಗೆ ತಿಳಿದಿರಲಿಲ್ಲ. ಆ ಉಪ್ಪುನೀರನ್ನು ಆಮೇಲೆ ಎಲ್ಲಿಗೆ ಬಿಡುತ್ತೀರಿ? ಕಂಪ್ಲಿಯ ಭತ್ತದ ಗದ್ದೆಗೋ? ದಿನವಿಡೀ ಕಡಲು ಸುತ್ತುವ ಜೀವ ನಿಮ್ಮ ಕೊಳದಲ್ಲಿ ಯಾವ ಸಂತೋಷಕ್ಕೆ ಕುಣಿಯಬೇಕು?

ಕಳೆದ ವರ್ಷ ನನ್ನ ತಾಯಿ ದ್ಯಾಮಕ್ಕ ಸಮುದ್ರ ನೋಡಬೇಕೆಂದು ಹಟ ಹಿಡಿದು ನನ್ನ ಲಾರಿ ಹತ್ತಿದಳು. ಆಕೆಯ ತವರು ಎಮ್ಮಿಗನೂರಿನಲ್ಲಿ ಕಾಲುವೆಗೆ ಹೊಸ ನೀರು ಬಂದಾಗ ಹೆಂಗಸರು ಗಂಗಮ್ಮನಿಗೆ ಉಡಿ ತುಂಬುತ್ತಾರೆ. ಅಷ್ಟು ದೊಡ್ಡ ನೀರಿಗೆ ಸಣ್ಣ ಉಡಿ ಸಾಲದೆಂದು ಅವ್ವ ಹೊಸ ಹಸಿರು ಸೀರೆಯಲ್ಲೇ ಅಕ್ಕಿ, ಕೊಬ್ಬರಿ ಕಟ್ಟಿ ಮೀನುಗಾರರ ದೋಣಿಯಿಂದ ತೇಲಿಬಿಟ್ಟಳು. ಕಾಲುವೆಯಾಗಿದ್ದರೆ ಹೊತ್ತುಕೊಂಡು ಹೋಗುತ್ತಿತ್ತು, ಸಮುದ್ರ ಅಲ್ಲೇ ಇಟ್ಟುಕೊಂಡಿತು. ದೋಣಿಯ ಪಕ್ಕದಲ್ಲೇ ಸೀಸೆಯಂಥ ಮೂತಿಯ ಡಾಲ್ಫಿನ್ನುಗಳು ಆಡುತ್ತಿದ್ದವು. ಒಂದು ಬಂದು ಗಂಟನ್ನು ಎತ್ತಿ ಹಾರಿಸಿತು. ಗಂಟು ಬಿಚ್ಚಿ, ಸೀರೆ ಅದರ ಮೂತಿಗೆ ಸುತ್ತಿಕೊಂಡಿತು. ಒದ್ದಾಡಿದಷ್ಟೂ ಬಿಗಿಯಿತು.

"ಅಯ್ಯಯ್ಯೋ, ಉಡಿ ತುಂಬೇನಂದ್ರ ಉರುಲು ಹಾಕಿದೆನಲ್ಲೋ!" ಎಂದು ಅವ್ವ ಎದೆ ಬಡಿದುಕೊಂಡಳು.

ಸುಸ್ತಾದ ಡಾಲ್ಫಿನ್ ತಾನಾಗಿಯೇ ದೋಣಿಯ ಮಗ್ಗುಲಿಗೆ ಬಂದು ನಿಂತಿತು. ನಾನೂ ಮೀನುಗಾರನೂ ಅವ್ವನನ್ನು ಗಟ್ಟಿಯಾಗಿ ಹಿಡಿದುಕೊಂಡೆವು, ಅವಳು ಬಗ್ಗಿ ಸೀರೆ ಬಿಡಿಸಿದಳು. ಅದು ಬಿಟ್ಟ ಉಸಿರು ಅವಳ ಮುಖವನ್ನೆಲ್ಲ ತೋಯಿಸಿತು. "ಬೆಚ್ಚಗೈತಲೇ, ನಮ್ಮಂಗ" ಎಂದಳು. ಊರು ಮುಟ್ಟುವವರೆಗೆ ಮುಖ ಒರೆಸಿಕೊಳ್ಳಲಿಲ್ಲ.

ತಮ್ಮ ಯೋಜನೆಯನ್ನು ನಿನ್ನೆ ಆಕೆಗೆ ಹೇಳಿದೆ. "ನಾ ತಿಳೀದ ಕಟ್ಟಿದ್ದೆ ಓಬಳೇಶ, ತಿಳಿದ ಮ್ಯಾಲ ಬಿಚ್ಚಿದೆ. ನಿಮ್ಮ ಸಾಹೇಬ್ರು ಎಲ್ಲಾ ತಿಳಿದೂ ಕಟ್ಟಾಕ ಹೊಂಟಾರಲ್ಲ, ಅವರಿಗೆ ಬಿಚ್ಚು ಅಂತ ಹೇಳೋರು ಯಾರು?" ಎಂದಳು.

ಹೇಳುವವರು ಬೇರೆ ಯಾರೂ ಕಾಣುತ್ತಿಲ್ಲ, ಆದ್ದರಿಂದ ನಾನೇ ಹೇಳುತ್ತಿದ್ದೇನೆ. ಡಾಲ್ಫಿನ್ ತರಿಸುವ ಆದೇಶವನ್ನು ಸೋಮವಾರದೊಳಗೆ ರದ್ದು ಮಾಡಿ. ನನ್ನ ಲೋಡು ಬೇಕಾದರೆ ನಿಲ್ಲಿಸಿ. ಲಾರಿ ಖಾಲಿಯೇ ಬರುತ್ತಿತ್ತು, ಖಾಲಿಯೇ ನಿಲ್ಲಲಿ.

ಇಂತಿ,
ಸೋಮವಾರ ಗಾಡಿ ಓಡೀತೋ ಇಲ್ಲವೋ ತಿಳಿಯದ,
ದ್ಯಾಮಕ್ಕನ ಮಗ ಓಬಳೇಶ, ವಡ್ಡು ಗ್ರಾಮ