ಮೋಡ ಕಟ್ಟಿದವನ ಚಪ್ಪಲಿ

ರಾಯಚೂರು,
ಎರಡನೇ ಬೇಸಿಗೆಯ ನಲವತ್ತೊಂದನೇ ತಾರೀಖು, ೨೨೧೯

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ,

ಮೊದಲು ತಪ್ಪೊಪ್ಪಿಗೆ. ಪದವೀಧರನೂ ಮರ್ಯಾದಸ್ಥನೂ ಆದ ನಾನು ಮೊನ್ನೆ ಹಾಡಹಗಲೇ ಒಂದು ಜೊತೆ ಚಪ್ಪಲಿ ಕದ್ದೆ. ಅದೂ ಸ್ವಂತ ತಂಗಿಯ ಗಂಡನದು. ಮೆಟ್ಟುವ ಆಸೆಯಿಂದಲ್ಲ, ಅವನ ಪಾದ ನನ್ನದಕ್ಕಿಂತ ಎರಡು ಬೆರಳು ಉದ್ದ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತೂ ನಮಗೆ ಹಾಗೇ: ಸ್ವೆಟರ್ ಎಂದರೇನೆಂದು ಈ ಊರಲ್ಲಿ ಯಾರಿಗೂ ಗೊತ್ತಿಲ್ಲ.

ನಮ್ಮಲ್ಲಿ ಆಸ್ತಿಯೆಂದರೆ ನೆರಳುಪಾಳಿ, ಅಂದರೆ ಊರ ಚಪ್ಪರದಡಿ ದಿನಕ್ಕಿಷ್ಟು ಹೊತ್ತು ಕೂರುವ ಹಕ್ಕು. ಹೆಣ್ಣು ಕೊಡುವವರು ಮೊದಲು ಕೇಳುವುದೇ ಹುಡುಗನಿಗೆ ಎಷ್ಟು ನೆರಳಿದೆ ಎಂದು. ಪಾಳಿ ಕಳೆದುಕೊಂಡವರು ಬಯಲಲ್ಲಿ ಬೇಯುತ್ತಾರೆ. ಇಸ್ಪೀಟು, ಕುದುರೆ, ಫೋನಿನ ಆಟ ಎಲ್ಲವನ್ನೂ ನಮ್ಮ ಸರ್ಕಾರ ನಿಷೇಧಿಸಿ ಕೈತೊಳೆದುಕೊಂಡಿತು. ಆಕಾಶವನ್ನು ನಿಷೇಧಿಸಲು ಮರೆಯಿತು. ಹಾಗಾಗಿ ಜನ ಈಗ ಮೋಡ ಕಟ್ಟುತ್ತಾರೆ. ತೇಲಿ ಬರುವ ಮೋಡದ ನೆರಳು ಗಡಿಯಾರದ ಕಂಬಕ್ಕೆ ತಾಗುತ್ತದೋ ಇಲ್ಲವೋ ಎಂದು ಪಾಳಿಯನ್ನೇ ಪಣಕ್ಕಿಡುವುದು. ನಿಮ್ಮಲ್ಲಿ ಮೋಡ ಕಟ್ಟಿದರೆ ಮಳೆ ಬರುತ್ತಿತ್ತಂತೆ. ನಮ್ಮಲ್ಲಿ ಮನೆ ಒಣಗುತ್ತದೆ.

ನನ್ನ ತಂಗಿ ನೀಲಾಂಬಿಕೆಯ ಗಂಡ ಸಂಗನಬಸವ ಮೊದಲ ದಿನವೇ ಗೆದ್ದ. ಅದೇ ಕೇಡಾಯಿತು. ಆವತ್ತು ಓಣಿಗೆಲ್ಲ ಪೇಡೆ ಹಂಚಿದವನು ನಾನೇ. ಆಮೇಲೆ ಸೋತರೂ ಅವನಿಗೆ ಸೋತಂತೆ ಅನಿಸಲೇ ಇಲ್ಲ. ಮೋಡ ಕಂಬದ ಪಕ್ಕದಲ್ಲೇ ಜಾರಿಹೋದರೆ ಅದಕ್ಕೆ ನಮ್ಮಲ್ಲಿ ಕೂದಲೆಳೆ ಅನ್ನುತ್ತಾರೆ. ಗೆಲುವಿಗಿಂತ ಕೂದಲೆಳೆಯೇ ಅವನನ್ನು ಬಿಗಿದು ಕಟ್ಟಿತು. ಮುಂದೆ ಕಟ್ಟಿದ್ದೆಲ್ಲ ಹೋದದ್ದನ್ನು ತರಲು. ಅದರ ಮುಂದೆ ಹೋದದ್ದನ್ನು ಮುಚ್ಚಿಡಲು. ಒಮ್ಮೆ ತಾನಾಗಿ ಹೇಳಿದ: "ಗೆದ್ದರ ಖುಷಿ ಇಲ್ಲ ಭಾವ. ಮೋಡ ಬರೋ ತನಕ ಅಷ್ಟ ತಲಿ ಸುಮ್ಮನಿರ್ತದ."

ಇದಕ್ಕೆ ಉಪಾಯ ಇಲ್ಲವೆಂದಲ್ಲ. ಮನೆಯ ಪಾಳಿಯನ್ನು ಹೆಂಡತಿಯ ಹೆಸರಿಗೆ ಬರೆಯಬಹುದು. ಗಂಡಹೆಂಡತಿ ತಡಮಾಡಿದರು, ಈಗ ಉಳಿದಿರುವುದು ನೀಲಾ ಮಧ್ಯಾಹ್ನ ಕೂರುವ ಒಂದೇ ಪಾಳಿ, ಅದೂ ಇನ್ನೂ ಅವನ ಹೆಸರಲ್ಲೇ. ತಡೆಗಾರ ಎಂಬುವನೂ ಉಂಟು. ಕಟ್ಟುವ ಚಪಲ ಎದ್ದಾಗ ಮೊದಲು ಅವನ ಮನೆಗೆ ನಡೆದುಹೋಗಿ ಬಾಯಿಬಿಟ್ಟು ಹೇಳಬೇಕು. ಹೇಳಿ, ಅತ್ತು, ಒಂದು ಲೋಟ ಮಜ್ಜಿಗೆ ಕುಡಿಯುವಷ್ಟರಲ್ಲಿ ಮೋಡ ದಾಟಿರುತ್ತದೆ. ಸಂಗನಬಸವನ ತಡೆಗಾರ ನಾನು. ಅವನು ಬಂದಾಗಲೆಲ್ಲ ನಾನು ತಮಾಷೆ ಮಾಡಿದೆ. ಅವನು ನಕ್ಕ, ನಗುತ್ತಲೇ ಎದ್ದು ಹೋಗಿ ಕಟ್ಟಿದ. ನೀಲಾ ಸುಟ್ಟ ಮುಖದಲ್ಲಿ ಬಂದು ನಿಂತಳು. "ನಗಸಬ್ಯಾಡ ಅಣ್ಣಾ. ಅವರನ್ನ ಕೂಡಿಸಿಕೊಂಡು ಕೇಳು. ಆ ಪಾಳಿನೂ ಹೋದರ ನಾ ಎಲ್ಲಿ ಕೂಡ್ಲಿ?"

ಕೂಡಿಸಿಕೊಂಡು ಕೇಳುವ ಧೈರ್ಯ ನನಗೆ ಬರಲಿಲ್ಲ. ಅದಕ್ಕೇ ಚಪ್ಪಲಿ ಕದ್ದೆ. ಕೆಂಡದಂಥ ನೆಲದ ಮೇಲೆ ಬರಿಗಾಲಲ್ಲಿ ಯಾರು ಹೋಗುತ್ತಾರೆ ಎಂದುಕೊಂಡೆ. ಅವನು ಹೋದ. ಅಂಗಾಲು ಬೊಬ್ಬೆಯೆದ್ದು ಬಂದ, ಆ ಪಾಳಿಯಲ್ಲಿ ಅರ್ಧ ಸೋತು.

ಆದ್ದರಿಂದ ಹಿರಿಯರೇ, ನಿಮ್ಮಲ್ಲಿ ಯಾರಾದರೂ ಮೊದಲ ಸಲ ಗೆದ್ದು ಬಂದರೆ ಪೇಡೆ ಹಂಚಬೇಡಿ. ಬಾಗಿಲು ಹಾಕಿ ಪಕ್ಕದಲ್ಲಿ ಕೂತು ಮಾತಾಡಿ. ಹುಟ್ಟಿದಾಗಿನಿಂದ ಒಂದು ಮೋಡವನ್ನೂ ಕಟ್ಟದ ಮನುಷ್ಯ ನಾನು. ನನ್ನ ಮಾತಿಗೆ ಅಷ್ಟು ಬೆಲೆಯಾದರೂ ಇರಲಿ.

ಮೋಡ ಕಟ್ಟಿಲ್ಲ, ನಿಜ. ಚಪ್ಪಲಿ ಬಚ್ಚಿಟ್ಟ ದಿನ ಪಕ್ಕದ ಮನೆಯ ಗುಂಡೇರಾಯರು, ಆದರೂ ಹೋಗುತ್ತಾನೆ ನೋಡಿ ಎಂದರು. ಹೋಗುವುದಿಲ್ಲ ಎಂದು ನಾನು ಒಂದು ಪಾಳಿ ಕಟ್ಟಿದೆ. ಸಂಗನಬಸವ ಹೊಸ್ತಿಲಲ್ಲಿ ನಿಂತ, ಹಿಂದಕ್ಕೂ ತಿರುಗಿದ್ದ. ಕೂದಲೆಳೆ. ನಾಳೆ ಅವನ ಕೊಡೆ ಬಚ್ಚಿಡುತ್ತೇನೆ. ಎರಡು ಪಾಳಿ ಕಟ್ಟಿದ್ದೇನೆ.