ಕಂಬದ ಹಿಂದೆ ನಿಂತ ಅಮ್ಮ

ಏಪ್ರಿಲ್ ೬, ಭಾನುವಾರ

ಲಂಡನ್ನಿಗೆ ಹೊರಡಲು ಇನ್ನು ಹದಿನೆಂಟೇ ದಿನ. ವೀಸಾ ಬಂತು, ಸ್ವೆಟರ್ ಬಂತು, ಅತ್ತೆ ಚಟ್ನಿಪುಡಿಯನ್ನೂ ಮಾಡಿಕೊಟ್ಟರು. ಭಯ ಮಾತ್ರ ಹೋಗಿಲ್ಲ. ಚಿಕ್ಕವನನ್ನು ಸ್ಟ್ರಾಲರ್‌ನಲ್ಲಿ ಬೆಲ್ಟ್ ಹಾಕಿ ಕೂರಿಸಬಹುದು. ನಾಲ್ಕು ವರ್ಷದ ಸಮನ್ವಿತಾ ಅಲ್ಲಿನ ಜನಜಂಗುಳಿಯಲ್ಲಿ ಕೈತಪ್ಪಿದರೆ? ನಿಂತಲ್ಲೇ ನಿಂತಿರು, ಯಾರ ಹತ್ತಿರವೂ ಹೋಗಬೇಡ ಎಂದು ವಾರದಿಂದ ಹೇಳಿಕೊಡುತ್ತಿದ್ದೇನೆ.

ಇವತ್ತು ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಪರೀಕ್ಷೆಯನ್ನೂ ಮಾಡಿಬಿಟ್ಟೆ. ಅವಳಪ್ಪ ಬೇಡವೆಂದರೂ ಕೇಳದೆ ಕೈ ಬಿಟ್ಟು ಕಂಬದ ಹಿಂದೆ ನಿಂತೆ. ಅವಳು ಒಂದು ನಿಮಿಷವೂ ನಿಲ್ಲಲಿಲ್ಲ. ನೇರವಾಗಿ ಹೂವಿನವಳ ಹತ್ತಿರ ಹೋಗಿ, "ಆಂಟಿ, ನಮ್ಮಮ್ಮ ಕಳ್ದೋಗಿದಾರೆ" ಅಂದಳು. ಆಕೆ ತೊಡೆಯ ಮೇಲೆ ಕೂರಿಸಿಕೊಂಡು ಒಂದು ತುಂಡು ಮಲ್ಲಿಗೆಯನ್ನೂ ಮುಡಿಸಿಬಿಟ್ಟಳು. ಕಂಡವರನ್ನೆಲ್ಲ ಆಂಟಿ, ಅಂಕಲ್ ಅನ್ನಲು ಕಲಿಸಿದವಳು ನಾನೇ ತಾನೆ.

ಓಡಿಹೋದರೆ ಆಕೆ ಮಗುವನ್ನು ಕೂಡಲೇ ಕೊಡಲಿಲ್ಲ. "ನೀವು ಕಂಬದ ಹಿಂದೆ ನಿಂತಿದ್ದು ನೋಡ್ದೆ ಮೇಡಂ. ಮಗು ಕೈ ಬಿಟ್ಟು ಆಟ ಆಡ್ತೀರಾ?" ಕೆನ್ನೆಗೆ ಹೊಡೆದಂತಾಯಿತು.

ಊಟಕ್ಕೆ ಕೂತಾಗ, ಲಂಡನ್ನಿನಲ್ಲಿ ಯಾರನ್ನೂ ಹಾಗೆ ಆಂಟಿ ಅಂತ ಮಾತಾಡಿಸಬಾರದು ಅಂದೆ.

"ಮತ್ತೆ ನೀನು ಅಲ್ಲೂ ಕಳ್ದೋದ್ರೆ ನಾನು ಯಾರನ್ನ ಕೇಳ್ಲಿ?"

ಅವಳಪ್ಪ ಅವಳ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದ.

ಮಲಗುವ ಮುಂಚೆ ನನ್ನ ವೇಲಿನ ತುದಿಯನ್ನು ತನ್ನ ಫ್ರಾಕಿನ ಲಾಡಿಗೆ ಸೇರಿಸಿ ತಾನೇ ಗಂಟು ಹಾಕಿದಳು. "ಇನ್ನು ನೀನು ಕಳ್ದೋಗಲ್ಲ ಬಿಡಮ್ಮ."

ಲೈಟ್ ಆರಿಸಲು ಏಳಬೇಕು. ಗಂಟು ಬಿಚ್ಚಲು ಕೈ ಬರುತ್ತಿಲ್ಲ.