ತಿಬ್ರಳ ಎದೆಯ ಕಿಂಡಿ

ಜುಲೈ 2, ಮಂಗಳವಾರ. ಬೆಳಗಿನ ನಮಾಜಿನ ನಂತರ

ಹಿಟ್ಟು ನಾದಿಟ್ಟೆ. ಮಾಳಿಗೆ ಗುಡಿಸುತ್ತಿದ್ದೆ, ಪಕ್ಕದ ಮಾಳಿಗೆಯಿಂದ ಫತ್ತೂಮಳ ತಲೆ ಮೂಡಿತು. "ಟ್ಯೂನಿಸ್ ಡಾಕ್ಟರು ಏನಂದ್ರೇ?" ಹೆಂಗಸರು ಮಾಳಿಗೆಯಿಂದ ಮಾಳಿಗೆಗೆ ಓಡಾಡುವ ನಮ್ಮ ಘದಾಮಿಸ್ ಊರಿನಲ್ಲಿ ಗುಟ್ಟು ಉಳಿದೀತೇ?

ಹೇಳಿದೆ. ಮೊಮ್ಮಗಳು ತಿಬ್ರಳ ಹೃದಯದಲ್ಲಿ, ಮೇಲಿನ ಎರಡು ಕೋಣೆಗಳ ನಡುಗೋಡೆಯಲ್ಲಿ ಒಂದು ತೂತು. ಹುಟ್ಟಿನಿಂದಲೇ. ಆರು ವರ್ಷದ ಮಗು, ಸ್ವಲ್ಪ ಓಡಿದರೆ ಏದುಸಿರು. ತೊಡೆಯ ರಕ್ತನಾಳದಿಂದ ಪುಟ್ಟ ಮುಚ್ಚಳ ಕಳಿಸಿ ಮುಚ್ಚುತ್ತಾರಂತೆ. ತಡ ಮಾಡಿದರೆ ಹೃದಯ ಹಿಗ್ಗುತ್ತ ಹೋಗುತ್ತದಂತೆ.

ಮಧ್ಯಾಹ್ನ

ಅತ್ತೆ ಒಪ್ಪಲಿಲ್ಲ. ನಡುಮನೆಯ ಚಾವಣಿಯ ಬೆಳಕಿಂಡಿಗೆ ಬೆರಳು ಮಾಡಿದರು.

"ನೋಡೇ. ಆ ಕಿಂಡಿ ಇಲ್ದಿದ್ರೆ ಈ ಮನೆ ಗೋರಿ ಅಲ್ವೇನೇ? ಗಾಳಿ ಅಲ್ಲಿಂದ, ಬೆಳಕು ಅಲ್ಲಿಂದ. ಅಲ್ಲಾಹು ಮಗೂಗೆ ಒಂದು ಕಿಂಡಿ ಹೆಚ್ಚಿಗೆ ಕೊಟ್ಟಿದಾನೆ. ಮುಚ್ಚೋಕೆ ಇವರ್ಯಾರು?"

ಮಗ ಲಮೀನ್ ತಲೆ ತಗ್ಗಿಸಿದ. ಅಜ್ಜಿ ಹರಸದೆ ಲಾರಿಯನ್ನೂ ಹೊರಡಿಸದವನು. ಸೊಸೆ ಸುವಾದ್ ಅಡುಗೆಮನೆಗೆ ಹೋಗಿ ಅತ್ತಳು. ನಾನು... ನನಗೂ ಅತ್ತೆಯ ಮಾತು ಸರಿಯೆನ್ನಿಸಿತು. ಕಿಂಡಿಯಿಲ್ಲದ ಮನೆ ಮನೆಯೇ?

ಜುಲೈ 5, ಶುಕ್ರವಾರ

ನಾನೇ ಟ್ಯೂನಿಸ್‌ನ ಡಾಕ್ಟರಮ್ಮನಿಗೆ ಫೋನ್ ಮಾಡಿ ಅತ್ತೆಯ ಮಾತು ಹೇಳಿದೆ. ನಕ್ಕರು, ಆದರೆ ಬೇಸರಿಸದೆ ಹೇಳಿದರು. "ಅಮ್ಮಾ, ಅದು ಚಾವಣಿ ಕಿಂಡಿ ಅಲ್ಲ. ಒಳಗೋಡೆ ಕಿಂಡಿ."

ಮೈಯೆಲ್ಲ ಸುತ್ತಿ ದಣಿದ ರಕ್ತ ಬಲಗಡೆಯ ಮೇಲುಕೋಣೆಗೆ ಬರುತ್ತದೆ. ಒಮ್ಮುಖದ ಬಾಗಿಲು ದಾಟಿ ಕೆಳಕೋಣೆಗೆ. ಅದು ಶ್ವಾಸಕೋಶಕ್ಕೆ ನೂಕುತ್ತದೆ. ಅಲ್ಲಿ ಗಾಳಿ ತುಂಬಿಕೊಂಡು ಎಡಗಡೆಯ ಮೇಲುಕೋಣೆಗೆ, ಮತ್ತೆ ಬಾಗಿಲು, ಕೆಳಕೋಣೆ — ಅಲ್ಲಿಂದ ಜೋರಾಗಿ ಮೈಗೆಲ್ಲ. ಬಲ, ಎಡ ನೇರ ಸೇರಕೂಡದು. ನಮ್ಮೂರಿನ ಹಾಗೆಯೇ: ಹೆಂಗಸರು ಮಾಳಿಗೆಯ ಮೇಲೆ, ಗಂಡಸರು ಕೆಳಗಿನ ಓಣಿಯಲ್ಲಿ. ಸುಬ್‌ಹಾನಲ್ಲಾಹ್!

ಅತ್ತೆಗೆ ಹೇಳಿದೆ. "ಕಣ್ಣಲ್ಲಿ ಕಂಡಿದೀಯಾ?" ಅಂದರು.

ಜುಲೈ 6, ಶನಿವಾರ

ನಕ್ಕು ನಕ್ಕು ಪಕ್ಕೆ ನೋವು.

ನಡುಮನೆಯಲ್ಲಿ ದಿಂಬು ಜೋಡಿಸಿ ನಾಲ್ಕು ಕೋಣೆ ಮಾಡಿದೆ. ಓಣಿಯ ಮಕ್ಕಳೇ ರಕ್ತ. ತಿಬ್ರ ಬಾಗಿಲು ಕಾಯುವವಳು — "ಹಿಂದೆ ಹೋಗೋ ಹಾಗಿಲ್ಲ!" ಅತ್ತೆ ಶ್ವಾಸಕೋಶ, ಮಡಿಲಲ್ಲಿ ಖರ್ಜೂರದ ತಟ್ಟೆ. ಬಂದವರಿಗೊಂದು ಖರ್ಜೂರ; ಅದೇ ಉಸಿರು. ಆಚೆ ತುದಿಯಲ್ಲಿ ಸುವಾದ್ ಕೈಕಾಲು. ಖರ್ಜೂರ ಅವಳಿಗೆ ಸೇರಬೇಕು.

ಮೊದಲ ಸುತ್ತು ಚೆನ್ನಾಗಿ ನಡೆಯಿತು. ಆಮೇಲೆ ಮೇಲಿನ ಎರಡು ಕೋಣೆಗಳ ನಡುವಿನ ದಿಂಬೊಂದನ್ನು ಮೆಲ್ಲಗೆ ತೆಗೆದೆ.

ಅರ್ಧ ಮಕ್ಕಳು ಖರ್ಜೂರ ಹಿಡಿದುಕೊಂಡೇ ಬಲಗಡೆಗೆ ನುಸುಳಿ ಮತ್ತೆ ಅತ್ತೆಯ ಮುಂದೆ ಹಾಜರ್.

"ಲೋ, ಕೈಯಲ್ಲೇ ಇದೆಯಲ್ಲೋ! ಮತ್ಯಾಕೋ ಬಂದೆ?"

"ದಾರಿ ಇತ್ತು ಅಜ್ಜಿ!"

ಬಲಗಡೆ ಒಬ್ಬರ ಮೇಲೊಬ್ಬರು. ದಿಂಬುಗಳೆಲ್ಲ ಜರುಗಿ ಕೋಣೆ ಹಿಗ್ಗಿತು. ಅತ್ತ ಸುವಾದಳ ಕೂಗು: "ಕಾಲಿಗೆ ಸಾಲ್ತಿಲ್ಲ! ಕಾಲು ಹಸಿದಿದೆ!" ಅತ್ತೆಯ ತಲೆವಸ್ತ್ರ ಜಾರಿತು.

"ಅಯ್ಯೋ, ನನ್ನ ಉಸಿರೇ ಹೋಯ್ತು! ಯಾರಾದ್ರೂ ಆ ಕಿಂಡಿ ಮುಚ್ರೋ!"

ಅತ್ತೆ ದಿಂಬು ತೆಗೆದ ಕಿಂಡಿಯನ್ನು ನೋಡಿದರು. ತಿಬ್ರಳನ್ನು ಹತ್ತಿರ ಕರೆದು ಅವಳ ಎದೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಬಾಗಿಲಲ್ಲಿ ನೋಡುತ್ತಿದ್ದ ಲಮೀನನ ಕಡೆ ತಿರುಗಿ —

"ಏನೋ ಬಾಯಿ ಬಿಟ್ಕೊಂಡು ನಿಂತಿದೀಯ? ಟ್ಯೂನಿಸ್‌ಗೆ ಯಾವಾಗ ಹೊರಡ್ತೀಯ?"

ಜುಲೈ 23, ಮಂಗಳವಾರ. ಟ್ಯೂನಿಸ್

ಆಪರೇಷನ್ ಕೋಣೆಯ ಬಾಗಿಲಾಚೆ ಕೂತು ಕುರಾನಿನ ಯಾಸೀನ್ ಅಧ್ಯಾಯ ಓದಿದೆ. ಮುಗಿಸಿದೆ. ಮತ್ತೆ ಶುರುಮಾಡಿದೆ... ಸುವಾದ್ ನನ್ನ ಕೈಯನ್ನು ಹಿಂಡಿ ಹಿಂಡಿ ಕೆಂಪು ಮಾಡಿದಳು.

ಮುಚ್ಚಿಯಾಯಿತು! ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು. ರಕ್ತದ ಕೆಂಪು ಬಣ್ಣ ಎಡದಲ್ಲೇ ಸುಳಿದು ಕೆಳಗಿಳಿಯಿತು. ಗೋಡೆ ದಾಟಲಿಲ್ಲ. ಕಣ್ಣು ಮಂಜಾಗಿ ಉಳಿದದ್ದು ಕಾಣಲಿಲ್ಲ.

ಅತ್ತೆಯ ಫೋನ್. "ಮುಚ್ಚಳ ಗಟ್ಟಿ ಕೂತಿದೆಯಾ? ಗಾರೆ ಹಾಕಿದ್ರಾ?"

"ಬೇಡ್ವಂತೆ ಅತ್ತೆ. ಅದರ ಮೇಲೆ ತಾನೇ ಚರ್ಮ ಬೆಳೆಯುತ್ತಂತೆ."

"ಹಾಗಾದ್ರೆ ಮೇಸ್ತ್ರಿ ಅಲ್ಲಾಹುನೇ. ಸರಿ, ಫೋನಿಡು, ದುಡ್ಡು ಓಡುತ್ತೆ."

ಸೆಪ್ಟೆಂಬರ್ 1, ಭಾನುವಾರ. ಸಂಜೆ

ಇನ್ನು ಓಡಬಹುದೆಂದು ಡಾಕ್ಟರಮ್ಮ ನಿನ್ನೆ ಫೋನಿನಲ್ಲಿ ಹೇಳಿದ್ದೇ ತಡ. ಬೆಳಗಿನಿಂದ ತಿಬ್ರ ಮಾಳಿಗೆ ಬಿಟ್ಟು ಮಾಳಿಗೆ. "ಅಜ್ಜೀ, ಹಿಡಿ ನೋಡೋಣ!" ಹಿಡಿಯಲು ಹೋಗಿ ಬಂದು ಈಗಷ್ಟೇ ಕೂತೆ. ಏದುಸಿರು ನನಗೆ. ಅವಳಿಗಲ್ಲ, ನನಗೆ! ಅಲ್‌ಹಮ್ದು — ಅಯ್ಯೋ, ಇಮಾಮರ ಮಾಳಿಗೆಗೇ ಹಾರಿದಳು! ಉಳಿದದ್ದು ಆಮೇಲೆ ಬರೆಯುವೆ.